ಮೂರನೇ ತಟ್ಟೆ

ಎಚ್‌ಆರ್ ಮೇಡಂ ಹದಿನಾಲ್ಕು ಪುಟದ ಇಂಗ್ಲಿಷ್ ಕೈಪಿಡಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಒಂದು ತಿಂಗಳಿದೆ, ಅಷ್ಟರೊಳಗೆ ಆಗಲೇಬೇಕು" ಅಂದಾಗ ನಾನು ಕೈಪಿಡಿಯನ್ನು ಬಿಟ್ಟು ಅವರ ಮುಖ ನೋಡಿದೆ. ಕೆಲಸದಿಂದ ತೆಗೆಯುವ ಮೊದಲು ಹೀಗೆ ಒಂದು ದೊಡ್ಡ ಕೆಲಸ ಕೊಡುತ್ತಾರೆಂದು ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ನೆನಪಿಲ್ಲ. ಬಹುಶಃ ನಾನೇ ನನಗೆ ಹೇಳಿಕೊಂಡಿದ್ದಿರಬೇಕು. ಐವತ್ತೊಂದನೇ ವಯಸ್ಸಿನಲ್ಲಿ ನನ್ನ ಕೆಟ್ಟ ಸುದ್ದಿಗಳಿಗೆಲ್ಲ ಮೂಲ ನಾನೇ.

ನಮ್ಮದು ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರುಗಳಿಗೆ ವೈರಿಂಗ್ ಕಟ್ಟಿಕೊಡುವ ಕಾರ್ಖಾನೆ. ಇಂಗ್ಲಿಷಿನಲ್ಲಿ ಬರುವ ಸೂಚನೆ, ಫಾರ್ಮು, ಎಚ್ಚರಿಕೆ ಫಲಕಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಈ ಕೈಪಿಡಿ ವಿದೇಶದ ಮುಖ್ಯ ಕಚೇರಿಯಿಂದ ಬಂದಿತ್ತು. ಗಂಡು, ಹೆಣ್ಣು ಎಂದು ಗೆರೆ ಹಾಕದೆ ಜನರನ್ನು ಕರೆಯುವ ಮಾತುಗಳು ಇಂಗ್ಲಿಷಿನಲ್ಲಿ ಎಲ್ಲಿಂದ ಬಂದವು, ಅವನ್ನು ಹೇಗೆ ಬಳಸಬೇಕು ಎಂಬುದು ಅದರ ವಿಷಯ.

"ಈಗ ಯಾಕೆ ಅಂದ್ರೆ," ಮೇಡಂ ದನಿ ಇಳಿಸಿದರು, "ಮೂರನೇ ಲೈನಿಗೆ ಹೊಸಬರು ಒಬ್ಬರು ಸೇರಿದ್ದಾರಲ್ಲ? ಗುರುತಿನ ಚೀಟಿಯಲ್ಲಿ ಟ್ರಾನ್ಸ್‌ಜೆಂಡರ್ ಅಂತಿದೆ. ಗಂಡು ಅಂತಲೂ ಕರೀಬೇಡಿ, ಹೆಣ್ಣು ಅಂತಲೂ ಕರೀಬೇಡಿ ಅಂತಾರೆ. ಐಟಿಐ ಮಾಡಿದ್ದಾರೆ, ಕೈ ತುಂಬಾ ಚೆನ್ನಾಗಿದೆ. ಹಿಂದೆ ಎರಡು ಕಡೆ ಕೆಲಸ ಬಿಟ್ಟಿದ್ದು ಈ ಕರೆಯೋ ವಿಚಾರಕ್ಕೇ ಅಂತೆ. ಒಂದು ತಿಂಗಳು ನೋಡ್ತೀನಿ, ಸರಿಹೋದ್ರೆ ಕಾಯಂ ಫಾರ್ಮಿಗೆ ಸಹಿ ಹಾಕ್ತೀನಿ, ಇಲ್ಲಾಂದ್ರೆ ನಾನೇ ಹೊರಡ್ತೀನಿ ಅಂತ ಸೇರಿದ ದಿನವೇ ಹೇಳಿಬಿಟ್ರು. ನಾವು ಅವರನ್ನ ಪರೀಕ್ಷೆ ಮಾಡ್ಬೇಕಿತ್ತು. ಅವರೇ ನಮ್ಮನ್ನ ಮಾಡ್ತಿದ್ದಾರೆ."

ಹೊಸಬರನ್ನು ನಾನು ಗಾಜಿನ ಗೋಡೆಯ ಈಚೆಯಿಂದ ನೋಡಿದ್ದೆ. ಕತ್ತರಿಸಿದ ಗುಂಗುರು ಕೂದಲು, ಕಂಪನಿಯ ನೀಲಿ ಅಂಗಿ. ಬೋರ್ಡಿನ ಮೇಲೆ ಹರಡಿದ ನೂರಾರು ತಂತಿಗಳ ನಡುವೆ ಆ ಬೆರಳುಗಳು ತಡಕಾಡದೆ ಓಡುತ್ತಿದ್ದವು. ಇಷ್ಟು ಒಳ್ಳೆಯ ಕೈ ಒಂದು ಮಾತಿನ ದೆಸೆಯಿಂದ ಕಾರ್ಖಾನೆ ಬಿಟ್ಟು ಹೋಗಬಾರದು ಅನ್ನಿಸಿತು. ಆ ಮಾತನ್ನು ಹುಡುಕಿಕೊಡುವವನು ನಾನೇ ಆಗಬೇಕು ಎಂದೂ ಅನ್ನಿಸಿತು. ಎರಡರಲ್ಲಿ ಯಾವುದು ಹೆಚ್ಚು ಜೋರಾಗಿ ಅನ್ನಿಸಿತು ಎಂದು ಕೇಳಬೇಡಿ.

ನನ್ನ ಕೆಲಸದ ಕ್ರಮ ಹೀಗೆ: ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ, ನಡುವೆ ಅನುಮಾನಗಳು. ನನ್ನ ಕಡತಗಳಲ್ಲಿ ನಡುವಿನ ಭಾಗ ಯಾವಾಗಲೂ ಅಗಲ. ಮೊದಲ ವಾರ ಕೈಪಿಡಿಯ ಇತಿಹಾಸದ ಪುಟಗಳೇ ನನ್ನನ್ನು ಹಿಡಿದು ಕೂರಿಸಿದವು. ಮಿಸ್ಟರ್ ಎಂಬುದು ಮಾಸ್ಟರ್ ಎಂಬುದರಿಂದ ಬಂದದ್ದು. ಮಿಸೆಸ್, ಮಿಸ್ ಎರಡೂ ಮಿಸ್ಟ್ರೆಸ್ ಎಂಬ ಒಂದೇ ಮಾತಿನ ತುಂಡುಗಳು. ಮೊದಮೊದಲು ಮಿಸೆಸ್ ಅಂದರೆ ಮದುವೆಯಾದವಳು ಎಂದೇನೂ ಇರಲಿಲ್ಲವಂತೆ. ಮನೆಯನ್ನೋ ಅಂಗಡಿಯನ್ನೋ ನಡೆಸುವ, ಕೈಕೆಳಗೆ ಆಳುಗಳಿರುವ ಹೆಂಗಸನ್ನು ಹಾಗೆ ಕರೆಯುತ್ತಿದ್ದರು. ಮದುವೆ ಆಮೇಲೆ ಬಂದು ಆ ಮಾತಿನೊಳಗೆ ಸೇರಿಕೊಂಡಿತು. ಗಂಡಸಿಗೆ ಒಂದೇ ಮಾತು ಸಾಕಾಯಿತು, ಹೆಂಗಸಿಗೆ ಮಾತ್ರ ಮದುವೆಯಾಗಿದೆಯೋ ಇಲ್ಲವೋ ಎಂದು ಊರಿಗೆಲ್ಲ ಸಾರುವ ಎರಡು ಮಾತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಯಾರೋ ಒಬ್ಬರು, ಎರಡಕ್ಕೂ ಒಪ್ಪುವಂತೆ ಮಿಜ್ ಎಂದು ಕರೆದುಬಿಡಿ ಎಂದು ಸೂಚಿಸಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಶಕಗಳು ಕಳೆದ ಮೇಲೆ ಕಚೇರಿ ಪತ್ರ ಬರೆಯುವುದನ್ನು ಕಲಿಸುವ ಪುಸ್ತಕಗಳು ಅದನ್ನು ಎತ್ತಿಕೊಂಡವು. ಮದುವೆಯಾಗಿದೆಯೋ ಇಲ್ಲವೋ ಎಂಬ ಗುಮಾಸ್ತರ ತಲೆನೋವು ತಪ್ಪುತ್ತದೆ ಎಂಬುದಷ್ಟೇ ಕಾರಣ. ಎಪ್ಪತ್ತರ ದಶಕದಲ್ಲಿ ಮಹಿಳಾ ಚಳವಳಿ ಅದನ್ನು ಹೊತ್ತು ನಡೆಯಿತು. ಅದೇ ದಶಕದಲ್ಲಿ, ಒಂಟಿಯಾಗಿ ಮಕ್ಕಳನ್ನು ಸಾಕುವವರ ಪತ್ರಿಕೆಯೊಂದರಲ್ಲಿ ಗಂಡು, ಹೆಣ್ಣು ಯಾರಿಗಾದರೂ ಒಪ್ಪುವ ಮಿಕ್ಸ್ ಎಂಬುದು ಕಾಣಿಸಿಕೊಂಡಿತು. ಎಮ್ ಪಕ್ಕದಲ್ಲಿ ಒಂದು ಎಕ್ಸ್. ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ಇಡುತ್ತೇವಲ್ಲ, ಆ ಎಕ್ಸ್. ಅದೂ ಎಲ್ಲೋ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಕೊನೆಗೆ ಬ್ರಿಟನ್ನಿನ ಬ್ಯಾಂಕುಗಳ, ಸರ್ಕಾರಿ ಕಚೇರಿಗಳ ಫಾರ್ಮುಗಳಲ್ಲಿ ಜಾಗ ಪಡೆದು ನಿಘಂಟಿಗೆ ಹೋಯಿತು.

ಇದನ್ನು ಓದಿ ಸಂತೋಷಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ಆ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದು ಎದ್ದುಹೋದ ಆ ಯಾರೋ ಒಬ್ಬರ ಮೇಲೆ! ಅವರ ಮಾತು ಅರ್ಧ ಭೂಮಿಯನ್ನು ಸುತ್ತಿ ಬಂದಿತು. ನಾನು ಬರೆದ 'ಚಾಲನೆಯಲ್ಲಿರುವ ಯಂತ್ರದ ಸನಿಹ ಸಡಿಲ ವಸ್ತ್ರಧಾರಣೆ ನಿಷೇಧಿಸಿದೆ' ಎಂಬ ಫಲಕದ ಮೇಲೆ ಕ್ಯಾಂಟೀನಿನವರು ವಾರದ ತಿಂಡಿಯ ಪಟ್ಟಿ ಅಂಟಿಸಿದ್ದರು.

ಕನ್ನಡಕ್ಕೆ ತರುವಾಗ ಬೇರೆಯೇ ತೊಡಕು ಎದುರಾಯಿತು. ಶ್ರೀ, ಶ್ರೀಮತಿಗಳ ಕಾಟ ನಮ್ಮಲ್ಲಿ ಕಾಗದದ ಮೇಲಷ್ಟೆ. ಬಾಯಲ್ಲಿ ಬರುವುದು ಅಣ್ಣ, ಅಕ್ಕ. ನಮ್ಮ ಕಾರ್ಖಾನೆಯಲ್ಲಿ ಬರಿಯ ಹೆಸರು ಹಿಡಿದು ಕರೆಯುವುದು ಜಗಳವಾದಾಗ ಮಾತ್ರ. ಅಣ್ಣನೂ ಅಲ್ಲದ, ಅಕ್ಕನೂ ಅಲ್ಲದ ಒಂದು ಮಾತು ಬೇಕು, ಅದು ಮರ್ಯಾದೆಯಾಗಿಯೂ ಇರಬೇಕು. ಹತ್ತು ದಿನ ಇಪ್ಪತ್ತಾರು ಪದಗಳನ್ನು ತೂಗಿ, ಹೊಡೆದು ಹಾಕಿ, ಕೊನೆಗೆ 'ಮಾನ್ಯ' ಎಂಬಲ್ಲಿಗೆ ಬಂದು ನಿಂತೆ. ಯಾರಿಗಾದರೂ ಸಲ್ಲುತ್ತದೆ, ಚಿಕ್ಕದಾಗಿದೆ, ಫಾರ್ಮಿನ ಚೌಕದೊಳಗೆ ಹಿಡಿಸುತ್ತದೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತಾ, "ಎಮ್ಮೆಲ್ಲೆಗಳಿಗೆ ಅಂತಾರಲ್ಲ, ಅದಾ?" ಅಂದಳು. ಅವಳಿಗೆ ಭಾಷೆಯ ಸೂಕ್ಷ್ಮ ತಿಳಿಯದು ಎಂದುಕೊಂಡೆ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಮೂರನೇ ಲೈನಿನ ಲೀಡರ್ ನನ್ನನ್ನು ಹಿಂದೆ ಹಾಕಿಯಾಗಿತ್ತು.

ಆಕೆ ಸಾತನೂರಿನಿಂದ ಬರುವ ಹೆಣ್ಣುಮಗಳು. ಎಸ್ಸೆಸ್ಸೆಲ್ಸಿ ಓದು. ಮನೆಯಲ್ಲಿ ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿಯೇ ಬಸ್ಸು ಹತ್ತುವವಳು. ಆಕೆಯ ಮೇಲೆ ನನಗೆ ಹಳೆಯ ಹೊಟ್ಟೆಕಿಚ್ಚಿತ್ತು. ತಂತಿಗೆ ಟೇಪ್ ಸುತ್ತುವ ವಿಧಾನದ ಬಗ್ಗೆ ನಾನು ಒಮ್ಮೆ ಒಂಬತ್ತು ಸಾಲಿನ ಸೂಚನೆ ಬರೆದಿದ್ದೆ. ಆಕೆ ಲೈನಿನ ಬಿಳಿ ಹಲಗೆಯ ಮೇಲೆ, 'ಕೂಸಿಗೆ ಬಟ್ಟೆ ಸುತ್ತಿದಂಗೆ ಸುತ್ತಿ. ಬಿಗೀಬೇಕು, ನೋಯಬಾರ್ದು' ಎಂದು ಬರೆದಳು. ಅದನ್ನು ಇಡೀ ಕಾರ್ಖಾನೆ ಬಾಯಿಪಾಠ ಮಾಡಿತು. ಮೇಡಂ ನನ್ನ ಹತ್ತಿರವೇ ಬಂದು, "ನೋಡಿ, ಎಷ್ಟು ಚೆನ್ನಾಗಿ ಹೇಳಿದ್ದಾರೆ" ಅಂದಿದ್ದರು. ನಾನೂ ಚೆನ್ನಾಗಿದೆ ಅಂದೆ. ಆ ಒಂದು ಮಾತು ಆಡುವುದಕ್ಕೆ ನನಗೆ ನೀರು ಕುಡಿಯಬೇಕಾಯಿತು.

ಹೊಸಬರು ಬಂದ ಮೊದಲ ದಿನ ಲೈನಿನಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಪಕ್ಕದ ಬೋರ್ಡಿನ ಚನ್ನಪಟ್ಟಣದ ಗಂಡಸು ಬಾಯಿ ತೆಗೆದೇಬಿಟ್ಟಿದ್ದನಂತೆ. "ಇವ್ರುನ್ನ ಅಣ್ಣ ಅನ್ನೋದಾ, ಅಕ್ಕ ಅನ್ನೋದಾ?" ಹೊಸಬರು ತಲೆ ತಗ್ಗಿಸಿದರು. ಲೀಡರ್ ಅವನ ಕಡೆ ತಿರುಗಿಯೂ ನೋಡದೆ ಹೊಸಬರನ್ನು ಕೇಳಿದಳಂತೆ:

"ಯಾವೂರು ನಿಮ್ದು?"

"ಕಲ್ಯ. ಮಾಗಡಿ ಕಡೆ."

"ಬನ್ನಿ ಕಲ್ಯದೋರೇ. ಏಳ್ನೇ ಬೋರ್ಡು ನಿಮ್ದು. ಓಯ್ ಚನ್ನಪಟ್ಟಣದೋರೇ, ನಿಮ್ ಕ್ಲಿಪ್ ಉಲ್ಟಾ ಕೂತೈತೆ, ಮೊದ್ಲು ಅದ್ನ ನೋಡ್ಕಳಿ."

ಸಂಜೆಯ ಹೊತ್ತಿಗೆ ಮೂರನೇ ಲೈನಿನಲ್ಲಿ ಒಬ್ಬ ಅಣ್ಣನೂ ಉಳಿದಿರಲಿಲ್ಲ, ಒಬ್ಬ ಅಕ್ಕನೂ ಉಳಿದಿರಲಿಲ್ಲ. ಕನಕಪುರದೋರು, ಕುದೂರಿನೋರು, ಹಾರೋಹಳ್ಳಿಯೋರು. ಸಾತನೂರಿನಿಂದ ಇಬ್ಬರು ಬರುತ್ತಿದ್ದುದರಿಂದ ಒಬ್ಬರು ಮೇಲಿನ ಬೀದಿಯೋರು, ಒಬ್ಬರು ಕೆರೆ ಕಡೆಯೋರು. ನಮ್ಮ ಕಡೆ ಸಂತೆಯಲ್ಲಿ, ಮದುವೆ ಮನೆಯಲ್ಲಿ ಗುರುತು ಹತ್ತದವರನ್ನು ಹೀಗೆ ಊರು ಹಿಡಿದು ಕರೆಯುವುದು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದೇ. ನನ್ನ ಇಪ್ಪತ್ತಾರು ಪದಗಳ ಪಟ್ಟಿಯಲ್ಲಿ ಅದು ಇರಲಿಲ್ಲ.

ಇದನ್ನು ಕೇಳಿ ತಿಳಿದ ವಾರವೇ ಕೈಪಿಡಿಯ ಒಂಬತ್ತನೇ ಪುಟಕ್ಕೆ ಬಂದೆ. ಇಂಗ್ಲೆಂಡಿನ ಒಂದು ಕ್ರೈಸ್ತ ಪಂಗಡದವರು ಹಿಂದೆ ಮಿಸ್ಟರ್, ಮಿಸೆಸ್ ಎಲ್ಲವೂ ಜಂಭದ ಮಾತು ಎಂದು ಬಿಟ್ಟು, ದೊರೆಯಿಂದ ಆಳಿನವರೆಗೆ ಎಲ್ಲರನ್ನೂ ಒಂದೇ ರೀತಿ ಬರಿಯ ಹೆಸರಿನಿಂದ ಕರೆಯುತ್ತಿದ್ದರು ಎಂದಿತ್ತು. ಒಬ್ಬರಿಗೆ ಬೇರೆ ಮಾತು ಹುಡುಕುವ ಬದಲು ಎಲ್ಲರ ಮಾತನ್ನೂ ಬದಲಾಯಿಸುವುದು. ಪೆನ್ಸಿಲ್ ಕೆಳಗಿಟ್ಟೆ. ಸಾತನೂರಿನ ಆಕೆ ಇದನ್ನು ಓದದೆ, ಮೂರು ಭಾಗ ಮಾಡದೆ, ಕ್ಲಿಪ್ ಸರಿಮಾಡಿಸುತ್ತಾ ಮಾಡಿಬಿಟ್ಟಿದ್ದಳು. ಅನುಮಾನದ ಭಾಗದಲ್ಲಿ ಇದನ್ನು ಬರೆದುಕೊಳ್ಳಬೇಕಿತ್ತು. ಬರೆದುಕೊಳ್ಳಲಿಲ್ಲ. ಬರೆದರೆ ಒಪ್ಪಿಕೊಂಡಂತೆ.

ಸೋಮವಾರದ ಮೀಟಿಂಗಿನಲ್ಲಿ ಮೇಡಂ ಉಳಿದ ಲೈನುಗಳಿಗೆ, "ಮೂರನೇ ಲೈನ್ ನೋಡಿ ಕಲೀರಿ" ಅಂದರು. ನಾನು ತಕ್ಷಣ ಎದ್ದುನಿಂತೆ. ಕೈಪಿಡಿಯನ್ನು ತಿಂಗಳ ಸಭೆಯಲ್ಲೇ ಬಿಡುಗಡೆ ಮಾಡೋಣ, ಹೊಸ ಸಂಬೋಧನೆಯನ್ನು ಮೈಕಿನಲ್ಲಿ ಪ್ರಕಟಿಸಿ, ಹೊಸಬರಿಗೆ ಎಲ್ಲರೆದುರು ಸ್ವಾಗತದ ಸನ್ಮಾನ ಮಾಡೋಣ ಎಂದೆ. ಮೊದಲೇ ಯೋಚಿಸಿ ಬಂದದ್ದಲ್ಲ, ಹೊಟ್ಟೆಕಿಚ್ಚು ಆಡಿಸಿದ ಮಾತು. ಮೇಡಂಗೆ ಹಿಡಿಸಿತು. ತಿಂಗಳ ಸಭೆಯಲ್ಲಿ ಹೇಗೂ ನಿವೃತ್ತರಾಗುವವರಿಗೆ, ಚೆನ್ನಾಗಿ ಕೆಲಸ ಮಾಡಿದವರಿಗೆ ಸನ್ಮಾನ ಇರುತ್ತದೆ. ಆ ಸಲ ಅಂಥವರು ಇಬ್ಬರು, ಹೊಸಬರು ಮೂರನೆಯವರು. ತಟ್ಟೆ, ಹಾರಗಳ ಏರ್ಪಾಡು ಆ ಸಲ ಮೂರನೇ ಲೈನಿನ ಪಾಳಿ.

ಮಧ್ಯಾಹ್ನ ಲೀಡರ್ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಸಾ, ಒಂದ್ ಮಾತು. ಸ್ಟೇಜ್ ಬ್ಯಾಡ ಸಾ. ಅವ್ರು ಇನ್ನೂ ಒಸಿ ಒಗ್ಗಬೇಕು. ಈಗೀಗ ಊಟಕ್ಕೆ ಜೊತೇಲಿ ಕೂತ್ಕತಾವ್ರೆ."

"ಗೌರವ ಕೊಡ್ತಿರೋದಮ್ಮ, ಬೈತಿಲ್ಲವಲ್ಲ."

"ಅದೇ ಸಾ. ಬೈದ್ರೆ ನಾವ್ ನೋಡ್ಕತೀವಿ."

ನನ್ನ ಕೆಲಸ ಕಂಡು ಇವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಈಗ ಬರೆಯುವಾಗ ನಗು ಬರುತ್ತದೆ. ಆಗ ನಿಜವಾಗಿಯೂ ಹಾಗೇ ತಿಳಿದಿದ್ದೆ. ಸಭೆಯ ಹಿಂದಿನ ದಿನ ಆಕೆ ಮತ್ತೆ ಬಂದಳು. ನಾನು ಮೈಕಿನಲ್ಲಿ ಓದುವ ಸಾಲುಗಳನ್ನು ತಿದ್ದುತ್ತಿದ್ದೆ.

"ಸಾ, ಮೂರನೇ ತಟ್ಟೆಗೆ ಏನ್ ಹಾಕಿಸ್ಲಿ?"

"ಎಲ್ಲರಿಗೂ ಹಾಕೋದನ್ನೇ ಹಾಕಿಸಮ್ಮ," ಎಂದೆ, ತಲೆ ಎತ್ತದೆ.

"ಎಲ್ಲಾರ್ಗೂ ಒಂದೇ ಹಾಕಕಿಲ್ಲವಲ್ಲ ಸಾ."

"ಹೇಳಿದೆನಲ್ಲ."

ಆಕೆ ಲೈನಿಗೆ ಹೊರಟುಹೋದಳು.

ಸಭೆ ಕ್ಯಾಂಟೀನಿನ ದೊಡ್ಡ ಹಾಲಿನಲ್ಲಿ. ಮೊದಲು ನಿವೃತ್ತರಾಗುತ್ತಿದ್ದ ಫೋರ್ಮನ್ನರನ್ನು ಕರೆದರು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡನೆಯವರು ಪ್ಯಾಕಿಂಗಿನ ಹೆಂಗಸು. ಅರಿಶಿನ ಕುಂಕುಮ, ಒಂದು ಮೊಳ ಮಲ್ಲಿಗೆ, ಬಳೆ, ರವಿಕೆ ಕಣ. ನಂತರ ನಾನು ಮೈಕ್ ಹಿಡಿದೆ. ಮಿಸ್ಟ್ರೆಸ್‌ನಿಂದ ಹಿಡಿದು ಎಕ್ಸ್‌ವರೆಗೆ ಎರಡೇ ನಿಮಿಷದಲ್ಲಿ ಬಂದೆ. ದನಿ ಚೆನ್ನಾಗಿಯೇ ಏಳುತ್ತಿತ್ತು. "ಇಂದಿನಿಂದ ನಾವು 'ಮಾನ್ಯ' ಎಂದು ಸಂಬೋಧಿಸಲಿರುವ ನಮ್ಮ ಹೊಸ ಸಹೋದ್ಯೋಗಿಯನ್ನು ವೇದಿಕೆಗೆ ಆಹ್ವಾನಿಸುತ್ತೇನೆ" ಎಂದು ಹೆಸರು ಕೂಗಿದೆ.

"ಯಾವ್ ಪಾರ್ಟಿಯಿಂದ ನಿಂತವ್ರೆ ಕಣ್ಲಾ?" ಎಂದಿತು ಹಿಂದಿನಿಂದ ಒಂದು ದನಿ. ಕೆಲವರು ನಕ್ಕರು. ಹೊಸಬರು ಬಂದರು. ಬರದೆ ಇರಲು ಅವರಿಗೆ ದಾರಿ ಇರಲಿಲ್ಲ, ಮುನ್ನೂರು ಜನ ತಿರುಗಿ ನೋಡುತ್ತಿದ್ದರು.

ಕ್ಯಾಂಟೀನಿನ ಹೆಂಗಸು ಮೂರನೇ ತಟ್ಟೆ ತಂದಳು. ಎಲ್ಲರಿಗೂ ಹಾಕುವುದನ್ನೆಲ್ಲ ಅದರಲ್ಲಿ ಹಾಕಿದ್ದರು. ಒಂದು ಕಡೆ ಪೇಟ, ಇನ್ನೊಂದು ಕಡೆ ಕುಂಕುಮದ ಬಟ್ಟಲು, ನಡುವೆ ಬಳೆ. ಅವಳು ಹೊಸಬರ ಮುಂದೆ ನಿಂತು ಮೊದಲು ತಟ್ಟೆ ನೋಡಿದಳು, ಆಮೇಲೆ ಅವರ ಮುಖ, ಆಮೇಲೆ ನನ್ನ ಮುಖ. ಮೂರು ವಾರ ಒಂದು ಪದಕ್ಕಾಗಿ ತಲೆ ಕೆಡಿಸಿಕೊಂಡಿದ್ದ ನಾನು, ಆ ಪದ ಮುಗಿದ ಮರುಕ್ಷಣ ಅವರ ತಲೆಯ ಮೇಲೋ ಹಣೆಯ ಮೇಲೋ ಏನಾದರೂ ಇಡಬೇಕಾಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ನಿದ್ದೆಯಲ್ಲೂ ಎದ್ದು ಗ್ಯಾಸ್ ಆರಿಸಿದೆಯೋ ಎಂದು ನೋಡಿ ಬರುವ ನಾನು!

"ಎರಡೂ ಹಾಕ್ಬುಡ್ರಪ್ಪಾ, ಕರೆಂಟ್ ಓಗೋದ್ರೊಳ್ಗೆ!" ಎಂದು ಯಾರೋ ಕೂಗಿದರು. ಇಡೀ ಸಭೆ ನಕ್ಕಿತು. ಎಲ್ಲರದೂ ಕೆಟ್ಟ ನಗುವೇನಲ್ಲ, ಪೇಚಿಗೆ ಸಿಕ್ಕ ನಗುವೂ ಇತ್ತು. ಆದರೆ ಎದುರು ನಿಂತವರಿಗೆ ಎರಡೂ ಒಂದೇ ಥರ ಕೇಳಿಸುತ್ತವೆ.

ಹೊಸಬರು ತಟ್ಟೆಯಿಂದ ಏನನ್ನೂ ಮುಟ್ಟಲಿಲ್ಲ. ಆ ಹೆಂಗಸಿಗೆ ಕೈಮುಗಿದು, ವೇದಿಕೆ ಇಳಿದು, ಏಳನೇ ಬೋರ್ಡಿಗೆ ಹೋದರು. ಪಾಳಿ ಮುಗಿಯುವವರೆಗೂ ಕೆಲಸ ಮಾಡಿದರು. ಅವರು ಕಟ್ಟಿದ್ದರಲ್ಲಿ ಒಂದೂ ತಪ್ಪಿರಲಿಲ್ಲ ಎಂದು ತಪಾಸಣೆಯವರು ಹೇಳಿದರು. ಉಪಕರಣಗಳನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಬೋರ್ಡಿಗೆ ನೇತುಹಾಕಿ ಹೋದವರು ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮಂಗಳವಾರ ಮೇಡಂ ನನ್ನನ್ನು ಕರೆಸಿದರು. "ಆ ತಟ್ಟೆ ಯಾರದು?"

"ತಟ್ಟೆಗಳ ಏರ್ಪಾಡು ಮೂರನೇ ಲೈನಿನ ಲೀಡರದ್ದು, ಮೇಡಂ," ಎಂದೆ.

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಹೇಳುವುದು ಅಷ್ಟು ಸುಲಭವಾಯಿತು. ಹೊರಗೆ ಬಂದಾಗ ಹೆದರಿಕೆಯ ಕೆಳಗೆ ಒಂದು ಸಣ್ಣ ಖುಷಿಯೂ ಇತ್ತು. ಕೂಸಿಗೆ ಬಟ್ಟೆ ಸುತ್ತಿದ ಹಾಗೆ ಎಂದು ಬರೆದವಳಿಗೂ ಒಮ್ಮೆ ತಪ್ಪುತ್ತದೆ ಎಂದು ಜನಕ್ಕೆ ತಿಳಿಯಲಿ.

ಗುರುವಾರ ಬೆಳಿಗ್ಗೆ ಲೀಡರ್ ನೀರಿನ ಕ್ಯಾನಿನ ಹತ್ತಿರ ಸಿಕ್ಕಳು. ಆಕೆಗೆ ಇನ್ನೂ ಏನೂ ತಿಳಿದಿರಲಿಲ್ಲ.

"ಸಾ, ಕಲ್ಯದೋರು ನೆನ್ನೆ ಫೋನ್ ಎತ್ತಿದ್ರು. ಮೊದ್ಲು ಬರಕಿಲ್ಲ ಅಂದ್ರು. ಒಸಿ ಒತ್ತಾದ್ಮೇಲೆ, ನಾನಿರೋ ಲೈನಿಗಾದ್ರೆ ನೋಡನ ಅಂದವ್ರೆ. ಬೇರೆ ಲೈನ್ ಅಂದ್ರೆ ಬರೋದೇ ಇಲ್ವಂತೆ. ಇನ್ನೊಂದಪ ಮಾತಾಡಿದ್ರೆ ಬತ್ತಾರೆ ಅನ್ಸುತ್ತೆ. ನೀವೂ ಒಂದ್ ಮಾತ್ ಯೋಳಿ ಸಾ, ಓದಿರೋರು."

ಆಗಲಿ ಎಂದು ತಲೆ ಆಡಿಸಿ ಮೇಜಿಗೆ ಬಂದರೆ ಒಂದು ಇಂಗ್ಲಿಷ್ ಕಾಗದ ಕಾದಿತ್ತು, ಕನ್ನಡಕ್ಕೆ ತರಲು. ಸಭೆಯ ಏರ್ಪಾಡಿನಲ್ಲಿ ತೋರಿದ ನಿರ್ಲಕ್ಷ್ಯದಿಂದ ಸಹೋದ್ಯೋಗಿಯೊಬ್ಬರಿಗೆ ಅವಮಾನವಾದ ಕಾರಣ ಮೂರನೇ ಲೈನಿನ ಲೀಡರನ್ನು ಆ ಸ್ಥಾನದಿಂದ ತೆಗೆದು, ಸೋಮವಾರದಿಂದ ಪ್ಯಾಕಿಂಗಿಗೆ ಹಾಕಲಾಗಿದೆ ಎಂಬ ಆದೇಶ.

ಹಾಳೆಯನ್ನು ಮೂರು ಭಾಗ ಮಾಡಿದೆ. ಒಂದು ವಿಷಯ ಮರೆಮಾಚದೆ ಹೇಳಬೇಕು. ಆ ಅನುವಾದ ಎಂದೂ ಇಲ್ಲದಷ್ಟು ಸಲೀಸಾಗಿ ಬಂತು. ನಡುವಿನ ಭಾಗ ಖಾಲಿ. ಒಂದು ಕಡೆಯೂ ತಡವರಿಸದ, ಯಾರಿಗಾದರೂ ಮೊದಲ ಓದಿಗೇ ತಿಳಿಯುವ ನಾಲ್ಕು ಸಾಲು. ಇಷ್ಟು ವರ್ಷ ಬರೆಯಬೇಕೆಂದು ಒದ್ದಾಡಿದ್ದ ಕನ್ನಡ ಅದು. ಎರಡು ಸಲ ಓದಿಕೊಂಡು ಸಂತೋಷಪಟ್ಟೆ. ಮೂರನೇ ಸಲ ಓದುವಾಗ 'ನಿರ್ಲಕ್ಷ್ಯ' ಎಂಬಲ್ಲಿ ನಿಂತೆ. ತಲೆ ಎತ್ತದೆ 'ಹೇಳಿದೆನಲ್ಲ' ಎಂದವನು ನೆನಪಾದ. ಈ ಕಾಗದ ಸೋಮವಾರ ಗೋಡೆಗೆ ಹೋದರೆ ಏಳನೇ ಬೋರ್ಡಿಗೆ ಆ ಕೈಗಳು ಮತ್ತೆ ಬರುವುದಿಲ್ಲ. ಅವರ ಮೂರನೇ ಕೆಲಸವೂ ಹೋಗುತ್ತದೆ, ಅದೂ ನನ್ನ ಕೈಬರಹದಲ್ಲಿ.

ಮೇಡಂ ಕೋಣೆಗೆ ಹೋಗುವ ಮೊದಲು ಬಚ್ಚಲಿಗೆ ಎರಡು ಸಲ ಹೋಗಿಬಂದೆ. ಅನುವಾದವನ್ನು ಅವರ ಮುಂದಿಟ್ಟು ಹೇಳಿದೆ.

"ಇದರಲ್ಲಿ ಹೆಸರು ತಪ್ಪಿದೆ ಮೇಡಂ. ನಂದು ಹಾಕಬೇಕು. ಸ್ಟೇಜ್ ಬೇಡ ಅಂತ ಆಕೆ ಮೊದಲೇ ಹೇಳಿದ್ದಳು. ತಟ್ಟೆಗೆ ಏನು ಹಾಕಿಸಲಿ ಅಂತಲೂ ಬಂದು ಕೇಳಿದ್ದಳು. ಎಲ್ಲರಿಗೂ ಹಾಕೋದನ್ನೇ ಹಾಕಿಸು ಅಂದವನು ನಾನು."

ಮೇಡಂ ಕನ್ನಡಕ ತೆಗೆದರು. "ಮಂಗಳವಾರ ಯಾಕೆ ಹೇಳಲಿಲ್ಲ?"

ಹೆದರಿಕೆ ಅನ್ನಬಹುದಿತ್ತು, ನನ್ನನ್ನು ನೋಡಿದವರು ಯಾರಾದರೂ ನಂಬುತ್ತಿದ್ದರು. "ಹೊಟ್ಟೆಕಿಚ್ಚು, ಮೇಡಂ," ಅಂದೆ.

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಅನುವಾದವನ್ನು ಓದಿದರು. ಆಮೇಲೆ ಆದೇಶವನ್ನು ಹರಿದರು. ಸಂಜೆಗೆ ನನ್ನ ಹೆಸರಿನಲ್ಲಿ ಎಚ್ಚರಿಕೆ ಪತ್ರ ಬಂತು, ಇಂಗ್ಲಿಷಿನಲ್ಲಿ. ನಿಯಮದಂತೆ ಅದಕ್ಕೆ ಕನ್ನಡ ಪ್ರತಿ ಇರಬೇಕು. ಅದನ್ನೂ ನಾನೇ ಮಾಡಿದೆ. ಈ ಸಲ ಕನ್ನಡ ಅಷ್ಟು ಸಲೀಸಾಗಿ ಬರಲಿಲ್ಲ.

ಲೀಡರಿಗೆ ನಾನೇ ಹೋಗಿ ಹೇಳಿದೆ. ಆಕೆ ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ತಿರುಗಿಸುತ್ತಾ ಕೇಳಿಸಿಕೊಂಡಳು.

"ಎರಡ್ ದಿನ ಸುಮ್ಕಿದ್ರಾ ಸಾ?"

"ಇದ್ದೆ."

"ಸಿಟ್ಟು ಬತ್ತಾ ಐತೆ. ಬರ್ಲಿ, ಅದ್ರ ಪಾಡಿಗೆ ಅದು. ಭಾನುವಾರ ಕಲ್ಯಕ್ಕೆ ಓಗ್ಬೇಕು, ನೀವೂ ಬನ್ನಿ. ಫೋನಲ್ಲಿ ಆಗೋ ಮಾತಲ್ಲ."

ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಸಿಟ್ಟನ್ನು ಹೀಗೆ ಪಕ್ಕಕ್ಕಿಟ್ಟು ಕೆಲಸದ ಮಾತಾಡುವುದನ್ನು ಎಲ್ಲಿ ಕಲಿತಳೋ. ಅದಕ್ಕೂ ಹೊಟ್ಟೆ ಉರಿಯಿತು.

ಮಾಗಡಿಯಿಂದ ಬಸ್ಸು ಹಿಡಿದು ಕಲ್ಯದಲ್ಲಿ ಇಳಿದಾಗ ಹತ್ತೂವರೆ. ಹೊಸಬರು ಅಕ್ಕನ ಮನೆಯಲ್ಲಿದ್ದರು. ಜಗಲಿಯ ಮೇಲೆ ಯಾರದೋ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಲೀಡರನ್ನು ಕಂಡು ಎದ್ದರು, ನನ್ನನ್ನು ಕಂಡು ಮತ್ತೆ ಕೂತರು.

"ಕಲ್ಯದೋರೇ, ಒಸಿ ನೀರ್ ಕೊಡ್ರಪ್ಪಾ, ಬಿಸಿಲು," ಎಂದು ಲೀಡರ್ ಮನೆಯವಳ ಹಾಗೆ ಜಗಲಿ ಹತ್ತಿದಳು. ನೀರು ಬಂತು. ಬಸ್ಸಿನಲ್ಲಿ ನಾನು ಏಳು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಒಂದೂ ಹೊರಡಲಿಲ್ಲ.

"ತಪ್ಪು ನಂದು. ಇವರು ಬೇಡ ಅಂದಿದ್ರು," ಎಂದೆ ಕೊನೆಗೆ.

"ಗೊತ್ತು ಸಾರ್." ಹೊಸಬರು ಸ್ಕ್ರೂ ಡ್ರೈವರ್ ಕೆಳಗಿಟ್ಟರು. "ತಟ್ಟೆ ಹಿಡ್ಕಂಡಿದ್ರಲ್ಲ, ಅವ್ರಿಗೂ ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ. ಅವ್ರನ್ನ ನೋಡಿ ನಂಗೇ ಪಾಪ ಅನ್ಸ್ತು. ನೀವು ನನಗೋಸ್ಕರ ತಿಂಗ್ಳಾನ್‌ಗಟ್ಲೆ ಓದಿದ್ರಂತೆ?"

"ಓದಿದೆ."

"ಗಾಜಿನ ಆಚೆ ನಿಂತಿರ್ತಿದ್ರಿ, ನೋಡಿದೀನಿ. ಒಂದ್ ನಿಮಿಷ ಒಳಗೆ ಬಂದು, ನಿಮ್ಮನ್ನ ಏನಂತ ಕರೀಬೇಕು ಅಂತ ಕೇಳ್ಬೋದಿತ್ತಲ್ಲ ಸಾರ್?"

ಲೀಡರ್ ಮಾಡಿನ ಹೆಂಚು ಎಣಿಸತೊಡಗಿದಳು. ಕೇಳಿದ್ದರೆ ನನ್ನ ಪದಕ್ಕೆ ಜಾಗ ಇರುತ್ತಿರಲಿಲ್ಲ ಎಂಬುದೇ ನಿಜವಾದ ಉತ್ತರ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಆ ವಾರಕ್ಕೆ ಖರ್ಚಾಗಿಹೋಗಿತ್ತು.

"ಈಗ ಕೇಳ್ತಿದೀನಿ," ಎಂದೆ.

"ಇವ್ರು ಕರೀತಾರಲ್ಲ, ಅದು ಸಾಕು. ಲೈನಲ್ಲಿ ಎಲ್ಲಾರ್ಗೂ ಇರೋದೇ ನಂಗೂ ಇರ್ಲಿ. ನಂಗೇ ಅಂತ ಬೇರೆ ಮಾಡ್ಬೇಡಿ. ಮೈಕಲ್ಲಿ ನನ್ ಹೆಸ್ರು ಬರೋದು ಬ್ಯಾಡ. ಇವ್ರು ಆ ಲೈನಲ್ಲೇ ಇರ್ತಾರಾ?"

"ಇರ್ತಾರೆ. ಅದನ್ನ ಖಾತ್ರಿ ಮಾಡ್ಕೊಂಡೇ ಬಂದಿದೀನಿ."

"ನಾಳೆ ಅಲ್ಲ, ನಾಳಿದ್ದು ಬತ್ತೀನಿ. ಈ ಸ್ಟಾರ್ಟರ್ ಒಪ್ಕಂಡುಬುಟ್ಟಿದೀನಿ, ಅವ್ರ ರಾಗಿ ಒಣಗ್ತಾ ಐತೆ."

ಮಂಗಳವಾರ ಏಳನೇ ಬೋರ್ಡಿನ ಬೀಗದ ಕೈ ಕೊಕ್ಕೆಯ ಮೇಲಿರಲಿಲ್ಲ. ಚನ್ನಪಟ್ಟಣದವನು ಮಧ್ಯಾಹ್ನ ತನ್ನ ಡಬ್ಬಿಯ ಬಿರಿಯಾನಿಯಲ್ಲಿ ಅರ್ಧ ಅವರ ತಟ್ಟೆಗೆ ಹಾಕಿ, "ತಿನ್ನಿ ಕಲ್ಯದೋರೇ, ನೀವಿಲ್ದೆ ನನ್ ಕ್ಲಿಪ್ಪು ನೋಡೋರೇ ಇರ್ನಿಲ್ಲ" ಅಂದನಂತೆ. ನಾನು ಕೈಪಿಡಿಯನ್ನು ಹೊಸದಾಗಿ ಬರೆದೆ. ಇತಿಹಾಸವನ್ನು ಉಳಿಸಿಕೊಂಡು, ಬಳಕೆಯ ಭಾಗದಲ್ಲಿ ಮೂರನೇ ಲೈನಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ, ಯಾರು ಮಾಡಿದ್ದು ಎಂಬುದನ್ನೂ. ಮುಖ್ಯ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು, ಆಕೆಯ ಹೆಸರಿಗೆ. ಅದನ್ನು ಕನ್ನಡಕ್ಕೆ ತಂದವನು ನಾನೇ.

ಅವರು ಹೇಳಿದ್ದ ಒಂದು ತಿಂಗಳ ಕೊನೆಯ ದಿನ ಹೊಸಬರು ಕಾಯಂ ಫಾರ್ಮಿಗೆ ಸಹಿ ಹಾಕಲು ನನ್ನ ಮೇಜಿಗೆ ಬಂದರು. ಎಲ್ಲ ತುಂಬಿಯಾಗಿತ್ತು, ಹೆಸರಿನ ಹಿಂದಿನ ಒಂದು ಚೌಕ ಬಿಟ್ಟು. ಕಂಪ್ಯೂಟರಿನಲ್ಲಿ ನಾಲ್ಕು ಆಯ್ಕೆಗಳಿದ್ದವು: ಶ್ರೀ, ಶ್ರೀಮತಿ, ಕುಮಾರಿ, ಮಾನ್ಯ.

"ಖಾಲಿ ಬುಡ್ಬೋದಾ ಸಾರ್?"

"ಬಿಟ್ಟರೆ ಮುಂದಕ್ಕೆ ಹೋಗಲ್ಲ, ನೋಡಿದೆ. ಬೇರೆ ಏನಾದ್ರೂ ಬೇಕಿದ್ರೆ ಮುಖ್ಯ ಕಚೇರಿಗೆ ಬರೀತೀನಿ. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ."

ಅವರು ಪರದೆಯ ಹತ್ತಿರ ಬಗ್ಗಿದರು. "ಈ ಕೊನೇದು ನೀವು ಮಾಡಿದ್ದಾ?"

"ಹೌದು. ಸಭೆಗೆ ಮುಂಚೆ ಹಾಕಿಸಿದ್ದು."

"ಕಂಪ್ಯೂಟರಿಗೆ ಇದೇ ಇರ್ಲಿ. ಬಾಯಿಗೆ ಬ್ಯಾಡ." ಅವರೇ ಮೌಸ್ ಹಿಡಿದು ಗುರುತು ಹಾಕಿದರು. ಕಾಗದದ ಪ್ರತಿಯ ಮೇಲೆ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿ, ಮಸಿ ಒಣಗಲೆಂದು ಊದಿದರು.

ಬಾಗಿಲಲ್ಲಿ ಲೀಡರ್ ಇಣುಕಿದಳು. "ಕಲ್ಯದೋರೇ, ಆಯ್ತಾ? ಅಲ್ಲಿ ಏಳ್ನೇ ಬೋರ್ಡು ತುಂಬೋಗೈತೆ!"

"ಬಂದೆ ಬಂದೆ," ಎಂದು ಅವರು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಳ್ಳಿ ಹೊರಟರು. ನಾನು ಫಾರ್ಮನ್ನು ಒಳಕ್ಕೆ ಕಳಿಸಿದೆ. ಆಮೇಲೆ, ಎಲ್ಲಿ ನಡುವೆ ಕರೆಂಟು ಹೋಗಿ ಕಳೆದುಹೋಯಿತೋ ಎಂದು, ಕಾಯಂ ಆದವರ ಪಟ್ಟಿಯನ್ನು ಸಂಜೆಯವರೆಗೆ ಮೂರು ಸಲ ತೆರೆದು ನೋಡಿದೆ. ಮೂರು ಸಲವೂ ಅವರ ಹೆಸರಿತ್ತು.